ಏರಿಯ ಮಣ್ಣಿಗೆ ವಯಸ್ಸು ಕೇಳಿದ್ದು

ಕೋಲಾರದ ಕಡೆ ಯಾವ ಊರಿಗೆ ಹೋಗಿ ಕೇಳಿದರೂ ಕೆರೆ ಕಟ್ಟಿಸಿದವರು ಯಾರು ಅನ್ನುವುದಕ್ಕೆ ಒಂದು ಉತ್ತರ ಸಿಗುತ್ತದೆ. ಒಂದೂರಲ್ಲಿ ಪಾಳೇಗಾರ, ಪಕ್ಕದೂರಲ್ಲಿ ಚೋಳ ರಾಜ, ಅದರಾಚೆ ಏರಿ ನಿಲ್ಲಲಿ ಅಂತ ಬಲಿಹೋದ ಸೊಸೆ. ಯಾವಾಗ ಕಟ್ಟಿದ್ದು ಅಂತ ಕೇಳಿದರೆ ಮಾತ್ರ ಎಲ್ಲ ಕಡೆ ಒಂದೇ ಮಾತು: "ನಮ್ಮ ತಾತನ ತಾತನ ಕಾಲಕ್ಕೂ ಇತ್ತು." ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ನಾಡು ಇದು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್ ಕೂಡ ಇಲ್ಲಿ ಕೆರೆಯಿಂದ ಕೆರೆಗೆ ಇಳಿದು ಹೋಗುವ ಹಳ್ಳವೇ. ಇಷ್ಟೊಂದು ಕೆರೆಗಳಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಅನ್ನುವುದು ಗೊತ್ತಾದರೆ, ಈ ನೆಲದಲ್ಲಿ ಜನ ಹೇಗೆ ನೆಲೆ ನಿಂತರು ಅನ್ನುವುದು ಗೊತ್ತಾಗುತ್ತದೆ. ನಾನು ಇತಿಹಾಸ ಓದಿದವಳು. ಮುಳಬಾಗಿಲು ತಾಲ್ಲೂಕಿನ ಒಂದೇ ಒಂದು ಕೆರೆಯ ವಯಸ್ಸು ತಿಳಿಯಲು ಹೊರಟೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಗೆಯುವವರ ಕಾಟ ಅಲ್ಲಿ ಈಗಾಗಲೇ ಜಾಸ್ತಿ.

ಇತಿಹಾಸದವರಿಗೆ ಮೊದಲ ಬಾಗಿಲು ಶಾಸನ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. ಅದರಲ್ಲಿ ಕನ್ನಡ ಇದೆ, ತಮಿಳು ಇದೆ, ತೆಲುಗು ಇದೆ, ಸಂಸ್ಕೃತ ಇದೆ. ಅಂದರೆ ಈ ಜಿಲ್ಲೆಯ ಕೆರೆಗಳ ಕಥೆ ಓದಬೇಕಾದರೆ ಒಂದು ಭಾಷೆ ಸಾಲದು. ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ. ಆವನಿಯ ಒಂದು ಕನ್ನಡ ಶಾಸನ 10ನೇ ಶತಮಾನದ ಗುರುವೊಬ್ಬರನ್ನು ನೆನೆಯುತ್ತದೆ. ತ್ರಿಭುವನಕರ್ತದೇವ ಅಂತ ಅವರ ಹೆಸರು. 40 ವರ್ಷ ಆವನಿಯ ಗುರುಸ್ಥಾನ ನಡೆಸಿ, 50 ದೇವಾಲಯ ಮತ್ತು 2 ದೊಡ್ಡ ಕೆರೆ ಕಟ್ಟಿಸಿದರಂತೆ. ಅವು ಯಾವ ಎರಡು ಕೆರೆ? ಶಾಸನ ಅಷ್ಟಕ್ಕೇ ನಿಲ್ಲುತ್ತದೆ.

ನಮ್ಮ ಕೆರೆಯ ಕಲ್ಲು ಕೋಡಿಯ ಹತ್ತಿರ ಅರ್ಧ ಹೂತು ನಿಂತಿದೆ. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಕಾಗದ ಅಕ್ಷರದ ಗುಳಿಗೆ ಇಳಿದ ಮೇಲೆ ಮಸಿ ಒತ್ತಿ ಅಚ್ಚು ತೆಗೆದೆವು. ಗಾಳಿ ಬಂದರೆ ಕಾಗದ ಏಳುತ್ತದೆ. ಬಿಸಿಲು ಜಾಸ್ತಿ ಆದರೆ ಬೇಗ ಒಣಗಿ ಹರಿಯುತ್ತದೆ. ಬೆಳಗಿನ ಹೊತ್ತೇ ಸರಿ. ಅಚ್ಚಿನಲ್ಲಿ ಮೇಲಿನ ಸಾಲುಗಳು ಸವೆದು ಹೋಗಿದ್ದವು. ರಾಜನ ಹೆಸರು ಅರ್ಧ, ಶಕ ವರ್ಷ ಇಲ್ಲವೇ ಇಲ್ಲ. ಇದ್ದಿದ್ದರೆ 78 ಕೂಡಿಸಿ ಇಸವಿ ಹೇಳಬಹುದಿತ್ತು. ಅಕ್ಷರದ ರೂಪ ನೋಡಿದರೆ 10ನೇ ಶತಮಾನದ ಆಸುಪಾಸು, ಈ ಸೀಮೆಯನ್ನು ನೊಳಂಬ ಅರಸರು ಆಳುತ್ತಿದ್ದ ಕಾಲ. ಕೆಳಗಿನ ಸಾಲುಗಳು ಮಾತ್ರ ಸ್ಪಷ್ಟ: ಕೆರೆಯನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಅಂದರೆ ಆ ಕೆಲಸಕ್ಕಾಗಿ ಕೊಡುವ ಜಮೀನು, ಬಿಟ್ಟದ್ದು, ಅದನ್ನು ಅಳಿದವರಿಗೆ ಪಾಪ.

ಇಲ್ಲಿಗೆ ಬಹಳ ಪ್ರಬಂಧಗಳು ಮುಗಿದುಬಿಡುತ್ತವೆ. "10ನೇ ಶತಮಾನದ ಕೆರೆ" ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಬಿತ್ತುವಟ್ಟ ಬಿಡಬೇಕಾದರೆ ಕೆರೆ ಆಗಲೇ ಇರಬೇಕಲ್ವಾ? ಎಷ್ಟು ಮೊದಲಿನಿಂದ ಇತ್ತು? ಐವತ್ತು ವರ್ಷವೋ, ಐನೂರು ವರ್ಷವೋ? ಕಲ್ಲು ಅದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಏರಿಯ ಮಣ್ಣು.

ಆದರೆ ನೀರು ನಿಲ್ಲುವ ಏರಿಯನ್ನು ಯಾರು ತೋಡಲು ಬಿಡುತ್ತಾರೆ? ಬಿಡಲೂಬಾರದು. 2021ರ ನವೆಂಬರ್ ಮಳೆ ಆ ತೊಡಕು ತೆಗೆಯಿತು. ಆ ತಿಂಗಳು ಕೋಲಾರ, ಚಿಕ್ಕಬಳ್ಳಾಪುರದ ಉದ್ದಕ್ಕೂ ಕೆರೆಗಳು ಕೋಡಿ ಹರಿದವು, ಕೆಲವು ಒಡೆದವು. ಊರಿನವರಿಗೆ ಅದು ದೊಡ್ಡ ನಷ್ಟ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳೆಯಿತು. ನಮ್ಮ ಕೆರೆಯ ಏರಿ ಒಂದು ಕಡೆ ಕಿತ್ತುಹೋಗಿ, ಮೇಲಿನಿಂದ ಬುಡದವರೆಗೆ ಮಣ್ಣಿನ ಪದರಗಳು ಎದ್ದು ಕಾಣುತ್ತಿದ್ದವು. ಕೆಂಪು ಮಣ್ಣು, ಅದರ ಮೇಲೆ ಗೋಡು, ಮತ್ತೆ ಜಲ್ಲಿ ಬೆರೆತ ಮಣ್ಣು. ಎಲ್ಲದರ ಬುಡದಲ್ಲಿ ಬೇರೆಯೇ ಬಣ್ಣದ ಒಂದು ನೆಲ. ಏರಿ ಬರುವ ಮೊದಲು ಬಿಸಿಲು ಬಿದ್ದ ಕೊನೆಯ ನೆಲ ಅದು.

ಬಿಸಿಲು ಬಿದ್ದ ನೆಲ ಅನ್ನುವುದೇ ಇಲ್ಲಿ ಮುಖ್ಯ. ಇದನ್ನು ನನಗೆ ಬಿಡಿಸಿ ಹೇಳಿದ್ದು ಭೂವಿಜ್ಞಾನ ಓದಿದ ಗೆಳತಿ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ, ಅಂದರೆ ಕ್ವಾರ್ಟ್ಜ್, ಸುತ್ತಲಿನ ಮಣ್ಣಿನಿಂದ ಬರುವ ಸಣ್ಣ ವಿಕಿರಣವನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತಾ ಹೋಗುತ್ತದೆ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಲ್ಲ ಮಣ್ಣಿನಲ್ಲೂ ಒಂದಿಷ್ಟು ಇದ್ದೇ ಇರುತ್ತವೆ. ಬಿಸಿಲು ಬಿದ್ದರೆ ಆ ಲೆಕ್ಕ ಅಳಿಸಿ ಸೊನ್ನೆಗೆ ಬರುತ್ತದೆ. ಮತ್ತೆ ಕತ್ತಲಾದರೆ, ಅಂದರೆ ಮಣ್ಣು ಮುಚ್ಚಿದರೆ, ಸೊನ್ನೆಯಿಂದ ಮತ್ತೆ ಶುರು. ಪ್ರಯೋಗಾಲಯದಲ್ಲಿ ಕಣದ ಮೇಲೆ ಬೆಳಕು ಬಿಟ್ಟರೆ ಅದು ಕೂಡಿಟ್ಟದ್ದನ್ನು ಮಂದ ಬೆಳಕಾಗಿ ಬಿಟ್ಟುಕೊಡುತ್ತದೆ. ಅದನ್ನು ಅಳೆದು, ವರ್ಷಕ್ಕೆ ಎಷ್ಟು ವಿಕಿರಣ ಬೀಳುತ್ತಿತ್ತು ಅನ್ನುವುದರಿಂದ ಭಾಗಿಸಿದರೆ, ಕಣ ಕತ್ತಲಾಗಿ ಎಷ್ಟು ವರ್ಷ ಆಯಿತು ಅಂತ ಸಿಗುತ್ತದೆ. ಲ್ಯುಮಿನೆಸೆನ್ಸ್ ಕಾಲಗಣನೆ ಅಂತ ಇದಕ್ಕೆ ಹೆಸರು. ಇದ್ದಿಲಿನಿಂದ ಕಾರ್ಬನ್ ಕಾಲ ಅಳೆಯುವುದು ಜನಕ್ಕೆ ಜಾಸ್ತಿ ಗೊತ್ತು. ಆದರೆ ಏರಿಗೆ ಮಣ್ಣು ಎಲ್ಲಿಂದಲೋ ಹೊತ್ತು ತಂದು ಸುರಿದಿರುತ್ತಾರೆ. ಅದರೊಳಗಿನ ಇದ್ದಿಲು ಏರಿಗಿಂತ ಎಷ್ಟೋ ಹಳೆಯದಿರಬಹುದು.

ಅನುಮತಿಗಾಗಿ ಓಡಾಡಿದ್ದನ್ನು ಉದ್ದ ಮಾಡುವುದಿಲ್ಲ. ಒಂದು ಕಚೇರಿಯವರು ಇನ್ನೊಂದು ಕಚೇರಿಯ ಪತ್ರ ತನ್ನಿ ಅಂದರು, ಆ ಕಚೇರಿಯವರು ಮೊದಲನೆಯ ಕಚೇರಿಯ ಪತ್ರ ಕೇಳಿದರು. ಅಷ್ಟರಲ್ಲಿ ಏರಿ ದುರಸ್ತಿಗೆ ಜೆಸಿಬಿ ಬರುವ ದಿನ ಹತ್ತಿರವಾಗುತ್ತಿತ್ತು. ಕೊನೆಗೆ ದಾರಿ ಮಾಡಿಕೊಟ್ಟದ್ದು ಗ್ರಾಮ ಪಂಚಾಯಿತಿಯೇ. ಅಲ್ಲಿ ಒಂದು ಷರತ್ತು ಹಾಕಿದರು: ಏನೇ ತೆಗೆದರೂ ಊರವರ ಎದುರಿಗೇ ತೆಗೆಯಬೇಕು. ನ್ಯಾಯವಾದ ಷರತ್ತು. ಶಾಸನದ ಕಲ್ಲಿನ ಬುಡದಲ್ಲಿ ನಿಧಿ ಇರುತ್ತದೆ ಅಂತ ಆ ಸೀಮೆಯಲ್ಲಿ ಎಷ್ಟೋ ಕಲ್ಲುಗಳನ್ನು ಕಿತ್ತು ಒಡೆದಿದ್ದಾರೆ. ಬ್ಯಾಗು, ಪೈಪು, ಸುತ್ತಿಗೆ ಹಿಡಿದು ಬಂದ ಹೊರಗಿನವರನ್ನು ಜನ ನಂಬದಿದ್ದರೆ ಅದು ಅವರ ತಪ್ಪಲ್ಲ.

"ಏನಮ್ಮಾ, ಮಣ್ಣು ತಗೊಂಡ್ ಹೋಗಿ ಏನ್ ಮಾಡ್ತೀರಾ?" ಅಂತ ಒಬ್ಬ ಅಜ್ಜಿ ಕೇಳಿದರು.

"ಏರಿ ಕಟ್ಟಿ ಎಷ್ಟು ವರ್ಷ ಆಯ್ತು ಅಂತ ನೋಡ್ತೀವಿ, ಅಜ್ಜಿ."

"ಮಣ್ಣು ಹೇಳತ್ತಾ?"

"ಹೇಳತ್ತೆ. ಸ್ವಲ್ಪ ಹಿಂದೆ ಮುಂದೆ ಆಗತ್ತೆ ಅಷ್ಟೆ."

ಅಜ್ಜಿ ಪಕ್ಕದವರಿಗೆ ಅದನ್ನು ತೆಲುಗಿನಲ್ಲಿ ಹೇಳಿದರು. ಆ ಊರಿನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಪ್ರಶ್ನೆಗಳೂ ಎರಡು ಭಾಷೆಯಲ್ಲೇ ಓಡಾಡಿದವು.

ಮಣ್ಣು ತೆಗೆಯುವ ಕ್ರಮ ಇದು. ಮೊದಲು ಸೀಳಿದ ಏರಿಯ ಮುಖವನ್ನು ಹಾರೆಯಿಂದ ಹೆರೆದು, ಬಿಸಿಲು ಬಿದ್ದ ಮಣ್ಣನ್ನೆಲ್ಲ ತೆಗೆಯಬೇಕು. ಆಮೇಲೆ ಒಂದು ಗಟ್ಟಿ ಕಬ್ಬಿಣದ ಪೈಪನ್ನು ಪದರದ ನಡುವೆ ಅಡ್ಡಲಾಗಿ ಬಡಿದು ಇಳಿಸಬೇಕು. ಪೈಪಿನ ತುಂಬ ಮಣ್ಣು ಬಿಗಿಯಾಗಿ ಕೂತಿರಬೇಕು. ಸಡಿಲವಿದ್ದರೆ ಸಾಗಿಸುವಾಗ ಕಣಗಳು ಬೆರೆತುಹೋಗುತ್ತವೆ. ತೆಗೆದ ಕೂಡಲೇ ಎರಡೂ ತುದಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಬೇಕು. ಅದೇ ಜಾಗದ ಸುತ್ತ ಒಂದಡಿ ಒಳಗಿನ ಮಣ್ಣನ್ನು ಬೇರೆ ಚೀಲದಲ್ಲಿ ತುಂಬಬೇಕು. ವಿಕಿರಣ ಎಷ್ಟಿತ್ತು, ತೇವ ಎಷ್ಟಿತ್ತು ಅಂತ ಅಳೆಯಲು ಅದು ಬೇಕು. ಬುಡದ ನೆಲದಿಂದ ತೆಗೆದ ಪೈಪಿನ ಮೇಲೆ ನಮಗೆ ಹೆಚ್ಚು ಭರವಸೆ. ಮೇಲಿನ ಪದರಗಳ ಮಣ್ಣನ್ನು ಬುಟ್ಟಿಯಲ್ಲಿ ತಂದು ಸುರಿದಿದ್ದರು. ಬುಟ್ಟಿಯೊಳಗಿನ ಮಣ್ಣಿಗೆಲ್ಲ ಬಿಸಿಲು ಬಿದ್ದಿರುವುದಿಲ್ಲ. ಹಳೆಯ ಲೆಕ್ಕ ಪೂರ್ತಿ ಅಳಿಸದೆ ಉಳಿದಿದ್ದರೆ ಏರಿ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಅದಕ್ಕೇ ಕಣ ಕಣವನ್ನೂ ಬಿಡಿಬಿಡಿಯಾಗಿ ಅಳೆದು, ಪೂರ್ತಿ ಅಳಿಸಿದವನ್ನು ಬೇರೆ ಮಾಡಬೇಕಾಗುತ್ತದೆ.

ಪ್ರಯೋಗಾಲಯ ದೂರದ್ದು. ಅಲ್ಲಿ ಸರದಿಗೆ ಕಾಯುವುದೇ ದೊಡ್ಡ ಕೆಲಸ. ಪೈಪು ಬಿಚ್ಚುವ ಕೋಣೆಯಲ್ಲಿ ಮಂದ ಕೆಂಪು ದೀಪ ಮಾತ್ರ. ತುದಿಯ ಮಣ್ಣು ತೆಗೆದು, ನಡುವಿನದನ್ನು ಆಮ್ಲದಲ್ಲಿ ತೊಳೆದು ಸುಣ್ಣದ ಅಂಶ ಕಳೆದು, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಗಿಡಮರದ ಅಂಶ ಕಳೆದು, ಜರಡಿ ಹಿಡಿದು, ಭಾರದ ದ್ರವದಲ್ಲಿ ತೇಲಿಸಿ ಕ್ವಾರ್ಟ್ಜ್ ಬೇರೆ, ಫೆಲ್ಡ್‌ಸ್ಪಾರ್ ಬೇರೆ ಮಾಡುತ್ತಾರೆ. ನಮ್ಮ ಕಡೆಯ ಕ್ವಾರ್ಟ್ಜ್ ಅಲ್ಲಿಯವರಿಗೆ ತುಂಬಾ ಕಷ್ಟ ಕೊಟ್ಟಿತು. ಗ್ರಾನೈಟಿನಂಥ ಬಂಡೆಯಿಂದ ಈಚೆಗೆ ಕಳಚಿ ಬಂದ ಕಣಗಳು ಬೆಳಕನ್ನು ಬಹಳ ಮಂದವಾಗಿ ಬಿಡುತ್ತವೆ. ನದಿಯಲ್ಲಿ ಎಷ್ಟೋ ದೂರ ಹರಿದು, ಮತ್ತೆ ಮತ್ತೆ ಬಿಸಿಲು ಕಂಡ ಮರಳಾದರೆ ಹಾಗಲ್ಲ. ನದಿ ಇಲ್ಲದ ನಾಡಿನ ಗುಣ ಕಣದ ಮಟ್ಟದಲ್ಲೂ ಕಾಣುತ್ತದೆ ಅಂತ ಗೆಳತಿ ಹೇಳಿದಾಗ ನನಗೆ ಮೈ ಜುಮ್ ಅಂದಿತು.

ಆಮೇಲೆ ಅಲ್ಲಿಯ ಭೌತವಿಜ್ಞಾನಿ ಫೋನ್ ಮಾಡಿ ಕೇಳಿದ ಪ್ರಶ್ನೆಯಿಂದ ಇಡೀ ಕೆಲಸದ ದಾರಿ ಬದಲಾಯಿತು. "ಈ ಮಣ್ಣು ಇಷ್ಟು ಶತಮಾನ ಸರಾಸರಿ ಎಷ್ಟು ಒದ್ದೆ ಇತ್ತು?"

ಇದು ಯಾಕೆ ಬೇಕು ಅಂದರೆ, ಮಣ್ಣಿನೊಳಗಿನ ನೀರು ವಿಕಿರಣವನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿ ಇದ್ದಷ್ಟೂ ಕಣಕ್ಕೆ ಸಿಗುವುದು ಕಡಿಮೆ. ಹಾಗಾಗಿ ತೇವ ಶೇ. 10ರಷ್ಟು ಹೆಚ್ಚಿತ್ತು ಅಂತ ಹಿಡಿದರೆ ವಯಸ್ಸೂ ಹತ್ತಿರ ಹತ್ತಿರ ಅಷ್ಟೇ ಪಾಲು ಹೆಚ್ಚುತ್ತದೆ. ಸಾವಿರ ವರ್ಷದ ಮಣ್ಣಿಗೆ ಅದು ನೂರು ವರ್ಷದ ವ್ಯತ್ಯಾಸ. ಏರಿ ಶಾಸನದ ಕಾಲದ್ದೋ ಅದಕ್ಕೂ ಹಳೆಯದೋ ಅನ್ನುವುದು ಆ ನೂರು ವರ್ಷದಲ್ಲೇ ಅಡಗಿದೆ. ಸಾಮಾನ್ಯವಾಗಿ ಇವತ್ತಿನ ತೇವ ಅಳೆದು ಅದನ್ನೇ ಹಿಡಿಯುತ್ತಾರೆ. ನಮ್ಮಲ್ಲಿ ಅದು ಆಗದು. ನಾವು ಮಣ್ಣು ತೆಗೆದದ್ದು ದೊಡ್ಡ ಮಳೆಯ ಹಿಂದೆಯೇ. ಅದೂ ಅಲ್ಲದೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ತುಂಬುವ ಕೆರೆಯೊಂದು ನಮ್ಮ ಕೆರೆಯ ಮೇಲ್ಗಡೆಯೇ ಇದೆ. ಅದಕ್ಕೂ ಹಿಂದೆ ನಮ್ಮ ಕೆರೆಯ ಅಂಗಳ ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದು ನಿಂತಿತ್ತು. ಇವತ್ತಿನ ತೇವ ಹೋದ ದಶಕದ್ದನ್ನೇ ಹೇಳುವುದಿಲ್ಲ, ಇನ್ನು ಹತ್ತನೇ ಶತಮಾನದ್ದನ್ನು ಹೇಗೆ ಹೇಳೀತು?

ಯಂತ್ರ ಉತ್ತರ ಕೊಡದ ಪ್ರಶ್ನೆ ಇದು. ಊರು ಕೊಡಬಲ್ಲದು. ಹಾಗಾಗಿ ನೀರುಗಂಟಿ ತಾತನ ಹತ್ತಿರ ಕೂತೆವು.

ತಾತ ಎಂಬತ್ತರ ಹತ್ತಿರದವರು. ಅವರ ತಂದೆ, ತಾತ ಎಲ್ಲರೂ ಆ ಕೆರೆಗೆ ನೀರುಗಂಟಿಗಳು. ತೂಬು ಎತ್ತುವುದು, ಅಚ್ಚುಕಟ್ಟಿನಲ್ಲಿ ಸರದಿ ಪ್ರಕಾರ ನೀರು ಬಿಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಿ ಜಿನುಗುತ್ತಿದೆ ಅಂತ ನೋಡುವುದು ಅವರ ಕೆಲಸ. ಅವರ ನೆನಪು ವರ್ಷದ ಲೆಕ್ಕದಲ್ಲಿಲ್ಲ. ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿಗೆ ನಿಂತಿತ್ತು ಅನ್ನುವುದರಲ್ಲಿದೆ. "ಹಿರೇಮಗನ ಮದುವೆ ವರ್ಷ ತೂಬಿನ ಅರ್ಧಕ್ಕೆ. ಅದರ ಹಿಂದಿನ ವರ್ಷ ಕೋಡಿ ಹೋಯ್ತು. ಅದಕ್ಕೂ ಮುಂಚೆ ಮೂರು ವರ್ಷ ಕೆರೆ ಒಳಗೇ ಹುರುಳಿ ಹಾಕಿದ್ವಿ." ನಾವು ಮದುವೆ, ಹೆರಿಗೆ, ಜಾತ್ರೆ, ಚುನಾವಣೆ ಹಿಡಿದು ವರ್ಷ ಜೋಡಿಸಿದೆವು. ಹಾಗೆ ಜೋಡಿಸಿದ್ದನ್ನು ಹತ್ತಿರದ ಮಳೆಮಾಪನ ಕೇಂದ್ರದ ಹಳೆಯ ದಾಖಲೆಯ ಪಕ್ಕ ಇಟ್ಟು ನೋಡಿದೆವು. ಹೊಂದಿತು. ಬರೀ ಒಟ್ಟು ಮಳೆಗೆ ಹೊಂದಲಿಲ್ಲ, ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಹೊಂದಿತು. ಮೊದಲ ಮಳೆಯನ್ನು ಒಣ ನೆಲ ಕುಡಿದುಬಿಡುತ್ತದೆ. ನಮ್ಮ ಕೆರೆ ತುಂಬುವುದು ಹಿಂಗಾರಿನ ಜೋರು ಮಳೆಗೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಾಗದಲ್ಲಿ ಅದು ಯಾವ ತಿಂಗಳು ಬಿತ್ತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಏರಿಯ ಒಳಭಾಗ ಯಾವಾಗ ನೆನೆಯುತ್ತದೆ, ಎಷ್ಟು ತಿಂಗಳಿಗೆ ಆರುತ್ತದೆ ಅನ್ನುವುದನ್ನೂ ತಾತನೇ ಹೇಳಿದರು. ನೀರಿನ ಕಡೆಯ ಇಳಿಜಾರಿನ ಕಲ್ಲುಕಟ್ಟಡದ ಹಿಂದೆ ಬೇಸಗೆಯಲ್ಲೂ ಮಣ್ಣು ಹಸಿ. ಊರಿನ ಕಡೆಯ ಮಣ್ಣು ಸಂಕ್ರಾಂತಿ ಕಳೆದರೆ ಬಿರಿಯುತ್ತದೆ. ನಮ್ಮ ಪೈಪು ಇಳಿದದ್ದು ಇವೆರಡರ ನಡುವೆ. ಅವರ ಮಾತಿನಿಂದ ನಾವು ಒಂದು ಕನಿಷ್ಠ ತೇವ, ಒಂದು ಗರಿಷ್ಠ ತೇವ ಗುರುತು ಮಾಡಿದೆವು. ಅದಕ್ಕಿಂತ ಹಿಂದಿನ ಕಾಲಕ್ಕೆ ಗೆಜೆಟಿಯರು, ಕಂದಾಯ ದಾಖಲೆ ನೋಡಿದೆವು. 1876ರಿಂದ 78ರ ದೊಡ್ಡ ಬರದಂಥ ಒಣಗು ವರ್ಷಗಳೂ ಲೆಕ್ಕಕ್ಕೆ ಬರಬೇಕಲ್ಲ. ಎಲ್ಲ ಸೇರಿಸಿ ಬರೆದ ಪುಟವನ್ನು ಭೌತವಿಜ್ಞಾನಿಗೆ ಕಳಿಸಿದೆವು. ಲ್ಯುಮಿನೆಸೆನ್ಸ್ ಲೆಕ್ಕಕ್ಕೆ ನೀರುಗಂಟಿಯ ಸಾಕ್ಷ್ಯ ಬಂದದ್ದು ತಮ್ಮ ಅನುಭವದಲ್ಲಿ ಇದೇ ಮೊದಲು ಅಂತ ಅವರು ಬರೆದರು.

ಫಲಿತಾಂಶ ಬಂದಾಗ ಅದರಲ್ಲಿ ಇಸವಿ ಇರಲಿಲ್ಲ, ಇರುವುದೂ ಇಲ್ಲ. ಈ ವಿಧಾನದಲ್ಲಿ ಶೇ. 5ರಿಂದ 10ರಷ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯ. ಆದರೂ ಒಂದು ವಿಷಯ ಸ್ಪಷ್ಟವಾಯಿತು. ತೇವವನ್ನು ಕನಿಷ್ಠ ಹಿಡಿದರೂ, ಗರಿಷ್ಠ ಹಿಡಿದರೂ ಏರಿಯ ಬುಡದ ನೆಲ ಮುಚ್ಚಿಹೋದದ್ದು ಆ ಶಾಸನಕ್ಕಿಂತ ಹಿಂದೆಯೇ. ಕಲ್ಲು ನೆಟ್ಟ ಹೊತ್ತಿಗೆ ಆ ಕೆರೆ ಹಲವು ತಲೆಮಾರು ಕಂಡಿತ್ತು. ಮೇಲಿನ ಪದರಗಳು ಅದಾದ ಮೇಲೆ ಏರಿಯನ್ನು ಮತ್ತೆ ಮತ್ತೆ ಎತ್ತರಿಸಿದ್ದನ್ನು ತೋರಿಸುತ್ತವೆ. ಅಂದರೆ ಕೆರೆ ಕಟ್ಟಿಸಿದವರು ಅಂತ ನಾವು ಇತಿಹಾಸದಲ್ಲಿ ಓದುವ ಹೆಸರು ಎಷ್ಟೋ ಸಲ ರಿಪೇರಿ ಮಾಡಿಸಿದವರದು. ಅದೂ ಸಣ್ಣ ಕೆಲಸವಲ್ಲ. ಹಿಂದೆ ವಿಜಯಾದಿತ್ಯಮಂಗಲ ಅಂತ ಹೆಸರಿದ್ದ ಬೇತಮಂಗಲದ ಕೆರೆಯನ್ನು 10ನೇ ಶತಮಾನದಲ್ಲಿ ಇರಿವ ನೊಳಂಬನ ಕಾಲಕ್ಕೆ ದುರಸ್ತಿ ಮಾಡಿಸಿದ್ದು ಶಾಸನಕ್ಕೆ ಹತ್ತುವಷ್ಟು ದೊಡ್ಡ ಸುದ್ದಿಯಾಗಿತ್ತು.

ಈ ಕೆಲಸವನ್ನು ಒಂದು ವಿಚಾರ ಸಂಕಿರಣದಲ್ಲಿ ಇಟ್ಟಾಗ ಶ್ರೀಲಂಕಾದ ಸಂಶೋಧಕರೊಬ್ಬರು ಬಹಳ ಹೊತ್ತು ಮಾತಾಡಿಸಿದರು. ಅಲ್ಲಿ ಒಣ ಸೀಮೆಯ ಕೆರೆಗಳೂ ನಮ್ಮವುಗಳ ಹಾಗೆ ಸರಪಳಿಯಲ್ಲಿವೆ, ಎಲ್ಲಂಗಾವ ಅನ್ನುತ್ತಾರೆ. ಅನುರಾಧಪುರದ ಸುತ್ತ ಕೆರೆ ಏರಿಗಳ ಮೇಲೆ ಪುರಾತತ್ವದವರೂ ಮಣ್ಣಿನ ವಿಜ್ಞಾನಿಗಳೂ ಕೂಡಿ ಕೆಲಸ ಮಾಡಿದ್ದಾರೆ. ನಮ್ಮಲ್ಲೇ ಹಂಪಿಯ ಸುತ್ತ ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಕೆರೆಯ ಹೂಳಿನಲ್ಲಿ ಸಿಕ್ಕ ಪರಾಗದಿಂದ ವಿಜಯನಗರ ಕಾಲದ ಬೇಸಾಯದ ಜಾಡು ಹಿಡಿದರು. ಬಾಲಿಯ ಸುಬಕ್ ನೀರಾವರಿ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ಗುಡಿ, ಪೂಜೆ, ಗದ್ದೆಗೆ ನೀರಿನ ಸರದಿ ಎಲ್ಲ ಒಂದೇ ವ್ಯವಸ್ಥೆ ಅಂತ ಜಗತ್ತು ಒಪ್ಪಿದೆ. ಏಷ್ಯಾದ ಇಂಥ ನೀರಿನ ವ್ಯವಸ್ಥೆಗಳನ್ನು ಒಂದೇ ಶಾಸ್ತ್ರದಿಂದ ಓದಲು ಆಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸದವರ ಕಟ್ಟಡ ಒಂದು ಕಡೆ, ಭೂವಿಜ್ಞಾನದವರದು ಇನ್ನೊಂದು ಕಡೆ ಇರುವುದು ಸರಿ. ಆದರೆ ಒಂದೇ ಕೆರೆಯ ಮೇಲೆ ಇಬ್ಬರೂ ಕೆಲಸ ಮಾಡಿ, ಒಬ್ಬರದನ್ನು ಇನ್ನೊಬ್ಬರು ಓದದೆ ಇರುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಪ್ರಬಂಧ ಪ್ರಕಟಣೆಗೆ ಹೋದಾಗ ಆ ಗೋಡೆ ಮತ್ತೆ ಎದುರಾಯಿತು. ಒಬ್ಬ ಪರಿಶೀಲಕರು ಶಾಸನದ ಭಾಗ ಜಾಸ್ತಿ ಆಯಿತು, ಕತ್ತರಿಸಿ ಅಂದರು. ಇನ್ನೊಬ್ಬರು ಕಣದ ಲೆಕ್ಕವೆಲ್ಲ ಅನುಬಂಧಕ್ಕೆ ಹೋಗಲಿ ಅಂದರು. ಇಬ್ಬರೂ ನೀರುಗಂಟಿಯ ಮಾತಿಗೆ ಆಧಾರ ಕೇಳಿದರು. ಮಳೆ ದಾಖಲೆಯ ಜೊತೆ ಅವರ ನೆನಪು ಹೊಂದಿದ ಕೋಷ್ಟಕವೇ ಆಧಾರ ಅಂತ ಉತ್ತರ ಕೊಟ್ಟೆವು. ಅದನ್ನು ಒಪ್ಪಿದರು. ತಾತನನ್ನು ಸಹಲೇಖಕರಾಗಿ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ನಿಲುವು. ಅವರ ಅಂಕಿ ಇಲ್ಲದಿದ್ದರೆ ನಮ್ಮ ವಯಸ್ಸಿನ ಲೆಕ್ಕ ನಿಲ್ಲುತ್ತಲೇ ಇರಲಿಲ್ಲ. ಈ ಸೀಮೆಯಲ್ಲಿ ನೀರುಗಂಟಿ ಕೆಲಸ ಮಾಡಿಕೊಂಡು ಬಂದವರು ಬಹುಪಾಲು ದಲಿತ ಕುಟುಂಬದವರು. ಶಾಸನದಲ್ಲಿ ರಾಜ ಇದ್ದಾನೆ, ಗುರು ಇದ್ದಾರೆ, ಗಾವುಂಡ ಇದ್ದಾನೆ. ಸಾವಿರ ವರ್ಷ ಏರಿ ಕಾದವರ ಹೆಸರು ಅಲ್ಲಿಲ್ಲ. ನಮ್ಮ ಪ್ರಬಂಧದಲ್ಲೂ ಇಲ್ಲದಿದ್ದರೆ ನಾವು ಮಾಡಿದ್ದೇನು? ಜೊತೆಯವರೆಲ್ಲ ಒಪ್ಪಿದರು. ಅವರ ಹೆಸರು ಲೇಖಕರ ಸಾಲಿನಲ್ಲಿದೆ.

ಅದನ್ನು ಹೇಳಲು ಹೋದಾಗ ತಾತ ಸಂತೋಷಪಟ್ಟರು. ಆಮೇಲೆ ಬೇರೆಯೇ ಒಂದು ವಿಷಯ ತೆಗೆದರು. "ನೀವು ಹಳೇ ಕಾಗದ ಹುಡುಕೋವ್ರು. ನಮ್ಮ ತಾತನ ನೀರುಗಂಟಿ ಇನಾಮು ಜಮೀನಿನ ಕಾಗದ ಸಿಗತ್ತೇನಮ್ಮಾ?" ಗ್ರಾಮದ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯ ಪ್ರಕಾರ ಅಂಥ ಜಮೀನು ಹುದ್ದೆ ಮಾಡುತ್ತಿದ್ದವರಿಗೇ ಮರುಮಂಜೂರಾಗಬೇಕು. ಅವರ ಮನೆಯವರು ಆಗ ಅರ್ಜಿ ಹಾಕಿದ್ದರಂತೆ. ಮುಂದೆ ಏನಾಯಿತೋ ಯಾರಿಗೂ ತಿಳಿಯದು.

ಕೆರೆಯ ತೇವಕ್ಕಾಗಿ ನಾನು ಹುಡುಕಿದ್ದ ಕಂದಾಯದ ಪುಸ್ತಕಗಳ ಸಾಲಿನಲ್ಲೇ ಆ ಇನಾಮಿನ ವಹಿಯೂ ಇತ್ತು. ಸರ್ವೆ ನಂಬರು, ವಿಸ್ತೀರ್ಣ, ಅವರ ತಾತನ ಹೆಸರು ಎಲ್ಲ ಸ್ಪಷ್ಟ. ದೃಢೀಕೃತ ನಕಲು ತೆಗೆಸಿ ಕೊಟ್ಟೆವು. ಕಾನೂನು ನೆರವು ಕೊಡುವ ವಕೀಲರೊಬ್ಬರು ಅರ್ಜಿ ಬರೆದುಕೊಟ್ಟಿದ್ದಾರೆ, ಮೊದಲ ವಿಚಾರಣೆಗೆ ದಿನಾಂಕ ಸಿಕ್ಕಿದೆ. ಪ್ರಬಂಧವನ್ನು ಕನ್ನಡಕ್ಕೆ ಇಳಿಸಿ ಪಂಚಾಯಿತಿಗೂ ಊರ ಶಾಲೆಗೂ ಕೊಟ್ಟಿದ್ದೇವೆ. ಸರಪಳಿಯಲ್ಲಿ ಮೇಲಿರುವ ಕೆರೆ ಇದಕ್ಕಿಂತ ಹಳೆಯದೋ ಹೊಸದೋ ಅನ್ನುವುದು ಮುಂದಿನ ಪ್ರಶ್ನೆ. ಅಲ್ಲಿ ಏರಿ ಗಟ್ಟಿಯಾಗಿದೆ, ಒಡೆದಿಲ್ಲ, ಒಡೆಯುವುದೂ ಬೇಡ. ತೂಬು ಬದಲಾಯಿಸಲು ಅಗೆಯುವಾಗ ಪಕ್ಕದಲ್ಲಿ ನಿಂತು ಎರಡು ಪೈಪು ಇಳಿಸಲು ಅವಕಾಶ ಕೊಡಿ ಅಂತ ಕೇಳಿದ್ದೇವೆ. ಆ ಕೆರೆಯ ನೀರುಗಂಟಿ ಮನೆಯವರನ್ನು ಈ ಸಲ ಮೊದಲೇ ಕಂಡು ಮಾತಾಡಿದ್ದೇವೆ.